ಫಲಾವಳಿಯಲ್ಲಿ ಮಿಣುಕಿದ ಹಣ್ಣು

ಅಂಕೋಲೆಯ ಪರಮೇಶ್ವರ ಭಟ್ಟರು ದೇವರಿಗೆ ಬಹಳ ಹೆದರುವವರೆಂದು ಊರೆಲ್ಲ ಹೇಳುತ್ತಿತ್ತು. ಊರಿಗೆ ತಿಳಿಯದ ಸಂಗತಿಯೆಂದರೆ, ಆ ಭಯದ ಬಹುಪಾಲು ಕಾರವಾರದಲ್ಲಿ ವಾಸವಾಗಿತ್ತು. ಅದರ ಹೆಸರು ಶರಾವತಿ, ಭಟ್ಟರ ಅಕ್ಕ. ವಿಘ್ನೇಶ್ವರನಾದರೋ ಅಪರಾಧಸಹಸ್ರಗಳನ್ನು ಕ್ಷಮಿಸುವ ದಯಾಸಿಂಧು. ಅಕ್ಕನಿಗೆ ಅಂಥ ಅಭ್ಯಾಸವಿರಲಿಲ್ಲ.

ಶ್ರಾವಣ ಮುಗಿಯುತ್ತ ಬಂದು ಭಾದ್ರಪದ ಸಮೀಪಿಸಿದಂತೆ ಭಟ್ಟರಿಗೆ ಊಟ ಸೇರದಾಯಿತು. ಕಾರಣ, ಕಳೆದ ವರ್ಷದ ಚೌತಿ. ಮೊಣಕಾಲು ನೋವಿನಿಂದ ತವರಿಗೆ ಬರಲಾರದ ಅಕ್ಕ, ಕಾರವಾರದ ಮನೆಯಲ್ಲಿ ಮಡಿಯುಟ್ಟು ಮೊಬೈಲಿನ ಮುಂದೆ ಕುಳಿತು, ತವರಿನ ಗಣಪತಿಯ ಮಂಗಳಾರತಿಯನ್ನು ಕಂಡೇ ನೀರು ಮುಟ್ಟುವೆನೆಂದು ಸಂಕಲ್ಪಿಸಿದ್ದಳು. ಭಟ್ಟರು ಆರತಿ ಎತ್ತಿದ ಕ್ಷಣದಲ್ಲೇ ವಿಡಿಯೋ ಕಾಲಿನ ಚಿತ್ರ ನಿಂತುಹೋಯಿತು. ಇತ್ತ ಭಟ್ಟರು ಆರತಿ ಮುಗಿಸಿ, ಮೋದಕ ಮುಗಿಸಿ, ಮಧ್ಯಾಹ್ನದ ನಿದ್ರೆಯನ್ನೂ ಮುಗಿಸಿದರು. ಅತ್ತ ಅಕ್ಕ, ತಮ್ಮನಿಗೆ ಇದ್ದಕ್ಕಿದ್ದಂತೆ ಸಮಾಧಿಸ್ಥಿತಿ ಲಭಿಸಿತೆಂದು ಭಾವಿಸಿ, ಎತ್ತಿದ ಆರತಿ ಇಳಿಯುವುದನ್ನೇ ಕೈಮುಗಿದು ಕಾಯುತ್ತ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನುಂಗದೆ, ಸಂಜೆಯ ಹೊತ್ತಿಗೆ ತಲೆತಿರುಗಿ ಉರುಳಿದಳು. ಆಸ್ಪತ್ರೆಯ ಮಂಚದ ಮೇಲೆ ಕಣ್ತೆರೆದು ಫೋನಿನಲ್ಲಿ ಅವಳಾಡಿದ ಮೊದಲ ಮಾತು: "ತಮಾ, ನಿನ್ನ ಆರತಿ ಇಳೀತನೋ?"

ಆ ಪ್ರಶ್ನೆ ವರ್ಷವಿಡೀ ಭಟ್ಟರ ಕಿವಿಯೊಳಗೆ ಘಂಟಾನಾದದಂತೆ ಮೊಳಗಿತು. ಈ ವರ್ಷವೂ ಅಕ್ಕನ ಸಂಕಲ್ಪ ಬದಲಾಗಲಿಲ್ಲ. "ಆರತಿ ಕಾಣದೆ ನೀರೂ ಮುಟ್ಟೂದಿಲ್ಲ ನಾನು. ನಂಗೆ ಏನಾರೂ ಆದ್ರೆ ಅದು ನಿನ್ನ ತಲೆಗೆ, ತಿಳೀತಾ?"

ಭಟ್ಟರಿಗೆ ತಿಳಿಯಿತು.

ಮನೆಯ ಅಂತರ್ಜಾಲದ ಪೆಟ್ಟಿಗೆ ಇದ್ದದ್ದು ಬೀದಿಯ ಕಡೆಯ ಚಾವಡಿಯಲ್ಲಿ; ದೇವರ ಕೋಣೆ ದಪ್ಪ ಚಿರೆಕಲ್ಲಿನ ಗೋಡೆಗಳ ಆಚೆ, ನಡುಮನೆಯನ್ನೂ ದಾಟಿ. (ಮೊಬೈಲಿನ ಸ್ವಂತ ಸಿಗ್ನಲ್ಲಂತೂ ಮಡಿಗೆ ಹೆದರಿದ ಹಾಗೆ ಆ ಕೋಣೆಯ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು.) ಚೌತಿಯ ಮುನ್ನಾದಿನ ಭಟ್ಟರು ಪೆಟ್ಟಿಗೆಯನ್ನು ಉದ್ದನೆಯ ವಾಯರಿನೊಂದಿಗೆ ಎದೆಗವಚಿಕೊಂಡು ಮನೆತುಂಬ ಸಂಚರಿಸಿದರು. ಪತ್ನಿ ಲಲಿತಮ್ಮನವರನ್ನು ಇನ್ನೊಂದು ಮೊಬೈಲಿನೊಡನೆ ಬಾವಿಕಟ್ಟೆಯ ಮೇಲೆ ಅಕ್ಕನ ಸ್ಥಾನದಲ್ಲಿ ಪ್ರತಿಷ್ಠಾಪಿಸಿದ್ದಾಯಿತು.

"ಈಗ ಕಾಣ್ತದ?"

"ಕೈ ಕಾಣ್ತದೆ. ಮೋರೆ ಇಲ್ಲ."

"ಈಗ?"

"ಮೋರೆ ಬಂತು, ಚೌಕ ಚೌಕ ಆಗಿ. ಶಂಕರಪೋಳಿ ಡಬ್ಬಿ ಒಳಗೆ ಬಗ್ಗಿ ನೋಡ್ದಂಗೆ ಆಗ್ತದೆ."

"ಚೇಷ್ಟೆ ಸಾಕು! ಅಲ್ಲಿ ಅಕ್ಕನ ಪ್ರಾಣದ ಪ್ರಶ್ನೆ."

"ಅಕ್ಕನ ಪ್ರಾಣದ್ದೋ, ನಿಮ್ಮ ಪ್ರಾಣದ್ದೋ? ಬೇಗ ಹೇಳಿ, ನಂಗೆ ಚಕ್ಲಿ ಹಿಟ್ಟು ಕಲಸೂದದೆ."

ಕಡೆಗೆ ದೇವರ ಕೋಣೆಯಲ್ಲೇ ಸ್ಟೂಲು ಹತ್ತಿ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಹಿಡಿದಾಗ ಬಾವಿಕಟ್ಟೆಯಿಂದ ಉದ್ಗಾರ ಕೇಳಿತು: "ಹಾಂ! ನಿಮ್ಮ ಮೂಗಿನ ಕೂದಲೂ ಕಾಣ್ತದೆ!"

ಭಟ್ಟರು ಮೇಲೆ ನೋಡಿದರು. ನೆತ್ತಿಯ ಮೇಲೆ ಫಲಾವಳಿ ತೂಗುತ್ತಿತ್ತು. ಗಣಪತಿಯ ಮೇಲ್ಗಡೆ ಕಟ್ಟಿದ ಮರದ ಚೌಕಟ್ಟು. ಅದರಿಂದ ಇಳಿಬಿದ್ದ ತೆಂಗಿನಕಾಯಿ, ಮೊಗೆಕಾಯಿ, ಹೀರೆ, ಅಡಿಕೆಯ ಸಿಂಗಾರ, ಬಗೆಬಗೆಯ ಕಾಡುಹಣ್ಣು. ನಟ್ಟನಡುವೆ ಬಂಗಾರದಂಥ ಒಂದು ಮಾದಳದ ಹಣ್ಣು. ಆ ಮಾದಳ ಅಕ್ಕನ ಪಾಲು. ಮಂಗಳಾರತಿಯಾದೊಡನೆ ಮನೆಮಗಳು ಫಲಾವಳಿಯ ಯಾವ ಹಣ್ಣನ್ನು ತೋರಿಸುತ್ತಾಳೋ ಅದನ್ನು ಮರುಮಾತಿಲ್ಲದೆ ಬಿಚ್ಚಿ ಅವಳಿಗೆ ಕೊಡಬೇಕೆಂಬುದು ಭಟ್ಟರ ತಂದೆ ಹಾಕಿಕೊಟ್ಟ ಪದ್ಧತಿ. ಅಕ್ಕ ಪ್ರತಿವರ್ಷವೂ ಮಾದಳವನ್ನೇ ತೋರಿಸುತ್ತಿದ್ದಳು.

ಸರಿ, ಮೊಗೆಕಾಯಿಗೂ ಮಾದಳಕ್ಕೂ ನಡುವೆ ಪೆಟ್ಟಿಗೆಯನ್ನು ಕಟ್ಟುವುದೆಂದು ನಿಶ್ಚಯವಾಯಿತು. ಆದರೆ ಶುದ್ಧಿ ಮಾಡದ ವಸ್ತುವನ್ನು ದೇವರ ನೆತ್ತಿಯ ಮೇಲೆ ತೂಗಿಸುವುದೆಂತು? ಭಟ್ಟರು ಪಂಚಗವ್ಯದ ಬಟ್ಟಲನ್ನು ಎತ್ತಿಕೊಂಡರು. ಲಲಿತಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಬಟ್ಟಲನ್ನು ಕಸಿದುಕೊಂಡರು.

"ಅದರ ಮೇಲೆ ಗಂಜಲ ಹೊಯ್ದ್ರೆ ಅದು ಸಾಯ್ತದೆ. ಅದರ ಬೆನ್ನಿಗೆ ಅತ್ತಿಗೆ. ಅವ್ರ ಬೆನ್ನಿಗೆ ನೀವು!"

ಆ ಕ್ರಮವು ಭಟ್ಟರಿಗೆ ಅಕ್ಷರಶಃ ಸಂಭವನೀಯವೆನಿಸಿತು. ರೋಗಿಗಳಿಗೆ ವಿಧಿಸಿದ, ನೀರು ಬೇಡದ ಮಂತ್ರಸ್ನಾನವನ್ನೇ ಪೆಟ್ಟಿಗೆಗೆ ಮಾಡಿಸಿ, ಬಾಳೆನಾರಿನಿಂದ ಬಿಗಿದು, ಸುತ್ತ ಮಾವಿನೆಲೆ ಕಟ್ಟಿ, ವಾಯರಿಗೆ ಗರಿಕೆಯ ಮಾಲೆ ಸುತ್ತಿದರು. ಪ್ಲಾಸ್ಟಿಕ್ಕನ್ನು ದೇವರ ಮೇಲೆ ಕಟ್ಟಿದ್ದು ಅಕ್ಕನಿಗೆ ಗೊತ್ತಾದರೆ? ಆ ವಿಚಾರವನ್ನು ಅವರು ಪೂರ್ತಿ ಯೋಚಿಸಲಿಲ್ಲ, ಧೈರ್ಯ ಸಾಲಲಿಲ್ಲ.

ಚೌತಿಯ ಬೆಳಗು. ಪೂಜೆ ನಡೆಯುತ್ತಿರುವಾಗ ಕಾಲ್ ಬಂತು. ಕಾರವಾರದಲ್ಲಿ ಅಕ್ಕನ ಮಗ ಅಮೃತ್ ಕೈಗಾ ಅಣುಸ್ಥಾವರದ ಕೆಲಸಕ್ಕೆ ರಜೆ ಹಾಕಿ, ಫೋನನ್ನು ಅಮ್ಮನೆದುರು ನಿಲ್ಲಿಸಿದ್ದ. ಚಿತ್ರ ಸ್ಫಟಿಕದಂತಿತ್ತು. ಅಷ್ಟು ಸ್ವಚ್ಛವಾಗಿರುತ್ತದೆಂದು ಭಟ್ಟರು ಊಹಿಸಿರಲಿಲ್ಲ.

"ತಮಾ, ಮೂಲೇಲಿ ಜೇಡರ ಬಲೆ. ಲಲಿತಾ, ದೀಪದ ಬತ್ತಿ ಕಿರಿದಾಯ್ತಲೇ. ಅಲ್ದೋ, ಧೂಪ ತೋರಿಸ್ದೆ ದೀಪಕ್ಕೆ ಹಾರಿದ್ಯಲ? ಪ್ರತೀ ವರ್ಷ ಹೀಂಗೇ ಹಾರ್ತಿದ್ಯನೋ?"

ಭಟ್ಟರು ಹಿಂದೆ ಹೋಗಿ ಧೂಪ ತೋರಿಸಿದರು. ಪಂಚೆ ಬೆವರಿನಿಂದ ಒದ್ದೆಯಾಗಿತ್ತು.

"ಮತ್ತೆ ಅದೆಂತದು, ಮೇಲೆ ಹಸ್ರು ಮಿಣುಕ್ತಾ ಇಪ್ಪುದು?"

ಗಾಳಿಗೆ ಮಾವಿನೆಲೆಯೊಂದು ಸರಿದು ಪೆಟ್ಟಿಗೆಯ ದೀಪ ಹೊರಗೆ ಕಂಡಿತ್ತು. ಎದುರಿಗೆ ಸಾಕ್ಷಾತ್ ಗಣಪತಿ. ಫೋನಿನಲ್ಲಿ ಸಾಕ್ಷಾತ್ ಅಕ್ಕ. ಯಾರ ಕೋಪ ಕಡಿಮೆ ಅಪಾಯವೆಂದು ತೂಗಿ ನೋಡಿ, ದೇವರ ಕ್ಷಮೆಯನ್ನು ನಂಬಿ ಭಟ್ಟರು ಹೇಳಿದರು: "ಕಾಡುಹಣ್ಣು ಅಕ್ಕಾ. ಕದ್ರಾ ಕಡೆಯಿಂದ ತರಿಸಿದ್ದು."

"ಮಿಣುಕ್ತದಲೋ!"

"ಪೂರ್ತಿ ಹಣ್ಣಾದ ಮೇಲೆ ಹಾಂಗೇ ಅಂತೆ."

ಅಕ್ಕ "ಹ್ಞೂಂ" ಎಂದಳು. ಅದು ನಂಬಿದವರ ಹ್ಞೂಂಕಾರವೋ ಅಲ್ಲವೋ ಎಂದು ಭಟ್ಟರು ಪರೀಕ್ಷಿಸಲು ಹೋಗಲಿಲ್ಲ.

ಮಂಗಳಾರತಿ. ಲಲಿತಮ್ಮ ಜಾಗಟೆ ಬಾರಿಸಿದರು. ಭಟ್ಟರು ಕರ್ಪೂರ ಹಚ್ಚಿ ಆರತಿಯನ್ನು ಎತ್ತಿ, ಓರೆಗಣ್ಣಿನಿಂದ ಫೋನನ್ನು ನೋಡಿದರು. ಅಕ್ಕ ಕೈಮುಗಿದು ಕುಳಿತಿದ್ದಳು, ಅಲುಗಾಟವಿಲ್ಲ. ಬಾಯಿ ಅರ್ಧ ತೆರೆದಿತ್ತು. ರೆಪ್ಪೆಯೂ ಬಡಿಯುತ್ತಿರಲಿಲ್ಲ.

ಲಲಿತಮ್ಮನಿಗೂ ಅದು ಕಂಡಿತು. ಜಾಗಟೆ ತಾನಾಗಿ ನಿಂತಿತು. 'ನಿಂತೋಯ್ತು' ಎಂದು ಅವರ ತುಟಿಗಳು ಸದ್ದಿಲ್ಲದೆ ಅಂದವು.

ಕಳೆದ ವರ್ಷದ ಆಸ್ಪತ್ರೆ ಭಟ್ಟರ ಕಣ್ಣಿಗೆ ಕಟ್ಟಿತು. ಅಕ್ಕ ಕಾಣದೆ ಆರತಿ ಇಳಿಸಿದರೆ? ಇಳಿಸಕೂಡದು. ಚಿತ್ರ ಬರುವ ತನಕ ಹೀಗೆಯೇ ನಿಲ್ಲುವುದು. ಅವರು ಶಿಲಾಪ್ರತಿಮೆಯಾದರು. ಕರ್ಪೂರ ಧಗಧಗಿಸಿತು. ಹಿತ್ತಾಳೆಯ ಹಿಡಿ ಬಿಸಿಯಾಯಿತು, ಸುಡತೊಡಗಿತು. ಅಕ್ಕ ಅಲುಗಲಿಲ್ಲ. ಭಟ್ಟರ ಕಣ್ಣಿನಿಂದ ನೀರು ಹರಿಯಿತು. (ನೋಡಿದವರು ಭಕ್ತಿಯೆಂದೇ ಬಗೆಯಬೇಕು.) ಅಕ್ಕ ಆಗಲೂ ಅಲುಗಲಿಲ್ಲ.

"ಅಯ್ಯಯ್ಯಯ್ಯೋ!"

ಆರತಿಯನ್ನು ಪೀಠದ ಮೇಲೆ ಕುಕ್ಕಿ, ಭಟ್ಟರು ಕೈ ಕೊಡವುತ್ತ ಗಣಪತಿಯ ಮುಂದೆ ತಾಂಡವವಾಡಿದರು.

"ಬಂತು!" ಎಂದು ಫೋನಿನೊಳಗಿಂದ ಅಕ್ಕ ಚೀರಿದಳು. "ಅಮೃತಾ, ನೆಟ್ಟು ಬಂತೋ! ಮಾವ ಹಂದಾಡ್ದ! ಈ ವರ್ಷವೂ ನಿಂತೇಹೋಯ್ತು ಅಂತ ನಾನು ಉಸ್ರು ಬಿಗಿಹಿಡಿದು ಕೂತಿದ್ದೆ!"

"ನೆಟ್ಟು ಹೋಗೇ ಇಲ್ಲ ಆಯಿ," ಎಂದಿತು ಅಮೃತನ ದನಿ. "ಮಾವ ನಿನ್ನ ನೋಡ್ತಾ ನಿಂತಿದ್ದ, ನೀನು ಮಾವನ್ನ ನೋಡ್ತಾ ಕೂತಿದ್ದೆ. ನಾನು ಇಬ್ರನ್ನೂ ನೋಡ್ತಿದ್ದೆ."

ಏನಾದರೇನು, ಅಕ್ಕ ಆರತಿ ಕಂಡಳು, ತೀರ್ಥ ಕುಡಿದಳು, ಮಾತ್ರೆ ನುಂಗಿದಳು. ಭಟ್ಟರು ಸುಟ್ಟ ಬೆರಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು, ವರ್ಷದ ಭಯವೆಲ್ಲ ಕರಗಿತೆಂದು ದೀರ್ಘವಾಗಿ ಉಸಿರುಬಿಟ್ಟರು.

"ತಮಾ, ಇನ್ನು ಮನೆಮಗಳ ಹಣ್ಣು."

"ಮಾದಳ ಈಗಲೇ ಬಿಚ್ಚಿಡ್ತೆ ಅಕ್ಕಾ."

"ಮಾದಳ ಬೇಡ. ಆ ಮಿಣುಕೂ ಹಣ್ಣು ಬೇಕು."

ಬೆರಳು ಮಾತ್ರ ಮಜ್ಜಿಗೆಯಲ್ಲಿದ್ದರೂ ಭಟ್ಟರ ಮೈಯೆಲ್ಲ ತಣ್ಣಗಾಯಿತು. "ಅಕ್ಕಾ, ಅದು... ತಿನ್ನೂ ಹಣ್ಣಲ್ಲ."

"ಗೊತ್ತದೆ. ನಮ್ಮನೇಲೂ ಇಂಥದೇ ಒಂದು ಹಣ್ಣಿತ್ತು. ಮೊನ್ನೆ ಸಿಡ್ಲಿಗೆ ಕಪ್ಪಾಯ್ತು. ಹಬ್ಬದ ಗಡಿಬಿಡೀಲಿ ಎಲ್ಲೂ ಬೇರೆ ಸಿಗ್ಲಿಲ್ಲ, ಇವತ್ತು ಮೊಬೈಲಿನ ನೆಟ್ಟಲ್ಲೇ ನಡೀತು. ಅಮೃತ ಬೈಕು ಹತ್ತಿ ಹೊರಟಾಯ್ತು. ಬಾಲದ ಸಂಗಡವೇ ಬಿಚ್ಚಿ ಕೊಡು, ಗರಿಕೆ ಬೇಕಾದ್ರೆ ತೆಗೆ. ಅಪ್ಪಯ್ಯ ಹಾಕಿದ ಪದ್ಧತಿ. ಬೇಡ ಅಂಬೂ ಹಾಂಗಿಲ್ಲ. ಅಥವಾ ದೇವರೆದುರು ಅದು ಹಣ್ಣಲ್ಲ, ಸುಳ್ಳು ಹೇಳ್ದೆ ಅಂತ ಹೇಳು, ಬಿಡ್ತೆ."

ಭಟ್ಟರು ಸ್ಟೂಲು ಹತ್ತಿ ಬಾಳೆನಾರು ಬಿಚ್ಚಿದರು. ಅಮೃತ್ ಬಂದ, ಮಾವನಿಗೆ ನಮಸ್ಕರಿಸಿದ, ನಗು ತಡೆಯಲು ಕೆಮ್ಮಿದ, ಹಣ್ಣನ್ನು ಬಾಲಸಮೇತ ಚೀಲಕ್ಕಿಳಿಸಿಕೊಂಡು ಹೋದ. ಫಲಾವಳಿಯಲ್ಲಿ ಮೊಗೆಕಾಯಿಗೂ ಮಾದಳಕ್ಕೂ ನಡುವೆ ಒಂದು ಕಿಂಡಿ ಉಳಿಯಿತು.

ಸಂಜೆಗೆ ಮೊದಲು ಚಾವಡಿಯ ಹಳೆಯ ಫೋನು ರಿಂಗಣಿಸಿತು.

"ತಮಾ, ಹಣ್ಣು ಚಲೋ ಮಿಣುಕ್ತಾ ಅದೆ. ಈಗ ನಮ್ಮನೆ ನೆಟ್ಟು ನೀರು ಹರಿದಂಗೆ. ಸಂಜೆ ಆರತಿ ತೋರ್ಸು, ಹಾಂ? ಅದನ್ನ ಕಾಣದೆ ನಾನು ಊಟ ಮಾಡೂದಿಲ್ಲ."

ಭಟ್ಟರು ರಿಸೀವರನ್ನು ಕೆಳಗಿಟ್ಟರು. ಲಲಿತಮ್ಮ ಚಕ್ಕುಲಿಯ ತಟ್ಟೆಯೊಂದಿಗೆ ಬಾಗಿಲಲ್ಲಿ ನಿಂತು, ಕಿಂಡಿಬಿದ್ದ ಫಲಾವಳಿಯ ದಿಕ್ಕನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಗಣಪತಿ ಪೀಠದಿಂದ ಹಂದಾಡಿಸೂ ಹಾಂಗಿಲ್ಲ, ಗೋಡೆ ಒಡೆಯೂ ಹಾಂಗಿಲ್ಲ," ಎಂದರು. "ಈಗ ಯಾವ ಹಣ್ಣಲ್ಲಿ ತೋರಿಸ್ತ್ರಿ?"