ರೀಲ್ಸ್‌ನವರು ರಿಟರ್ನ್ ಹಾಕಲು ಬಂದಾಗ

ಚಿಕ್ಕಬಳ್ಳಾಪುರದಲ್ಲಿ ಆದಾಯ ತೆರಿಗೆ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಯೂಟ್ಯೂಬ್, ರೀಲ್ಸ್ ಮಾಡುವವರು ಬರತೊಡಗಿದ ಮೇಲೆ, ರಿಟರ್ನ್ ಗಡುವಿನ ಜುಲೈ ತಿಂಗಳಲ್ಲೂ ನಗುತ್ತಿದ್ದೇನೆ. ಅವರೆಲ್ಲ ತಣ್ಣಗಿರಲಿ.

ತಿಂದವರು ಯಾರು?

ಗೌರಿಬಿದನೂರಿನ ಗೃಹಿಣಿಯೊಬ್ಬರು ಅಡುಗೆ ಚಾನೆಲ್ ನಡೆಸುತ್ತಾರೆ. ಆದಾಯದಲ್ಲಿ ಕಳೆಯಬೇಕಾದ ಚಾನೆಲ್ ಖರ್ಚು ಅಂತ ತರಕಾರಿ, ಎಣ್ಣೆ, ಕೋಳಿ, ಎಲ್ಲದರ ಬಿಲ್ಲೂ ತಂದು ಸುರಿದರು.

"ಇಷ್ಟೆಲ್ಲ ತಿಂದೋರು ಯಾರಮ್ಮ?" ಅಂದೆ.

"ನಮ್ಮನೆಯವರೇ."

"ಹಾಗಾದ್ರೆ ಅದು ಮನೆ ಖರ್ಚಾಯ್ತಲ್ಲ!"

"ಅದೆಂಗೆ ಮೇಡಂ? ಉಪ್ಪು ಜಾಸ್ತಿ ಆದ ದಿನಾನೂ ಕ್ಯಾಮೆರಾ ಮುಂದೆ ಕೂತು 'ಆಹಾ' ಅಂತಾರೆ. ಅದು ಊಟ ಅಲ್ಲ, ಡ್ಯೂಟಿ!"

ಸೀರೆ, ಪೊರಕೆ

ಚಿಂತಾಮಣಿಯ ದಂಪತಿಯೊಂದು ಗಂಡ-ಹೆಂಡತಿ ಜಗಳದ ಕಾಮಿಡಿ ವಿಡಿಯೋ ಮಾಡುತ್ತದೆ. ಹೆಂಡತಿ ಸೀರೆ ಬಿಲ್ಲು ಮುಂದಿಟ್ಟರು.

"ಆಚೆಗೂ ಉಡೋ ಸೀರೆ ವಿಡಿಯೋ ಖರ್ಚಿಗೆ ಸೇರಲ್ಲಮ್ಮ."

"ಅಯ್ಯೋ, ಎಲ್ಲಿ ಉಡಕ್ಕಾಗ್ತದೆ? ಮದುವೆಗೆ ಹೋದ್ರೆ 'ಇದೇ ಸೀರೇಲಿ ತಾನೇ ಗಂಡನ್ನ ಪೊರಕೇಲಿ ಹೊಡೆದಿದ್ದು' ಅಂತಾರೆ!"

ಗಂಡ ಮೆಲ್ಲಗೆ ಕೇಳಿದರು: "ಪೊರಕೆ ಸೇರುತ್ತಾ ಮೇಡಂ?"

"ಮನೆ ಗುಡಿಸಕ್ಕೂ ಅದೇನಾ?"

"ಇಲ್ಲ ಮೇಡಂ. ಗುಡಿಸೋದು ನಾನು, ಆ ಪೊರಕೆ ಬೇರೆ."

ಇನಾಮು

ಶಿಡ್ಲಘಟ್ಟದ ಯುವಕನೊಬ್ಬ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ವಿಡಿಯೋ ಹಾಕುತ್ತಿದ್ದ. ಅವನ ತಾಯಿಗೆ ಅದು ಶುದ್ಧ ಸೋಮಾರಿತನ. "ಈ ವರ್ಷ ವಿಡಿಯೋ ಬಿಟ್ಟುಬಿಡ್ತೀನಿ ಮೇಡಂ, ಅಮ್ಮಿ ಮಾತಾಡಿಸ್ತಿಲ್ಲ" ಅಂತ ನನ್ನೆದುರು ಕಣ್ಣು ಒರೆಸಿಕೊಂಡಿದ್ದ.

ಅವನಿಗೆ ಜಾಹೀರಾತು ಕೊಟ್ಟ ಕಂಪನಿ ತೆರಿಗೆ ಅಂತ ಸ್ವಲ್ಪ ದುಡ್ಡು ಹಿಡಿದು ಸರ್ಕಾರಕ್ಕೆ ಕಟ್ಟಿತ್ತು. ತೆರಿಗೆ ಬೀಳುವಷ್ಟು ಆದಾಯ ಅವನಿಗಿರಲಿಲ್ಲ. ರಿಟರ್ನ್ ಹಾಕಿದೆ, ದುಡ್ಡು ವಾಪಸ್ ಬಂತು.

ಮಾರನೇ ದಿನ ಆ ತಾಯಿಯೇ ಮಗನ ಜೊತೆ ಬಂದರು, ಕೈಯಲ್ಲಿ ಮಿಠಾಯಿ ಡಬ್ಬಿ. "ತಗೋ ಬೇಟಿ. ಸರ್ಕಾರ ನನ್ನ ಮಗನ ವಿಡಿಯೋ ನೋಡಿ ಮೆಚ್ಚಿ ಇನಾಮು ಕಳಿಸಿದೆ. ಬೀದಿಗೆಲ್ಲಾ ಹಂಚಿದೆ."

ಮಗ ತಲೆ ತಗ್ಗಿಸಿ ನಗುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಇನಾಮಲ್ಲ. ಅವನದೇ ದುಡ್ಡು ಸರ್ಕಾರದ ಹತ್ರ ಇತ್ತು, ವಾಪಸ್ ಕೊಟ್ರು, ಅಷ್ಟೇ."

ಆಕೆ ಮಿಠಾಯಿಯ ಚೂರೊಂದನ್ನು ನನ್ನ ಬಾಯಿಗೇ ಇಟ್ಟರು.

"ಸರ್ಕಾರದ ಕೈಗೆ ಹೋದ ದುಡ್ಡು ವಾಪಸ್ ಬಂದಿದೆಯಾ? ಹಂಗಾದ್ರೆ ಇನ್ನೊಂದು ಡಬ್ಬಿ ತರಿಸ್ತೀನಿ ಇರು!"