ರೋಬೋಗೆ ಮಾವ ಕೊಟ್ಟ ಚೈನು

ನಮ್ಮ ದಾವಣಗೆರೆಯಲ್ಲಿ ಯಾವ ಕೆಲಸಕ್ಕೆ ಕೈ ಹಾಕಿದ್ರೂ ನಡುವೆ ಒಬ್ಬರು ನೆಂಟರು ಬಂದೇ ಬರ್ತಾರೆ. ತೊಂಬತ್ತರ ದಶಕದ ಕೊನೇಲಿ ಇಂಜಿನಿಯರಿಂಗ್ ಓದ್ತಾ ನಾವು ಕಟ್ಟಿದ ರೋಬೋಗೂ ಬಂದ್ರು.

೧. ಲೆಕ್ಕ

ಹರಿಹರದಲ್ಲಿ ಸ್ಪರ್ಧೆ. ಎರಡು ರೋಬೋ ಎದುರುಬದುರು ತಳ್ಳಾಡಬೇಕು, ಗೆರೆ ದಾಟಿ ಹೊರಗೆ ಹೋದದ್ದು, ಇಲ್ಲ ನಡುವೆ ಕೆಟ್ಟು ನಿಂತದ್ದು ಸೋತಂಗೆ. ನಮ್ಮದು ಜೀಪಿನ ವೈಪರ್ ಮೋಟರು. ಅದರಿಂದ ಗಾಲಿಗೆ ಸೈಕಲ್ ಚೈನೇ ಸಾಕು ಅಂತ ನಾನು ಲೆಕ್ಕ ಹಾಕಿ ಹೇಳಿದೆ.

"ಚೈನ್ ಮಾವನ ಅಂಗಡೀಲೇ ತರಬೇಕಲೇ" ಅಂದ ನಮ್ಮ ಲೀಡರ್.

ಮಾವ ಅಂದ್ರೆ ಅವನ ತಾಯಿಯ ಅಣ್ಣ. ಮಂಡಿಪೇಟೆಯಲ್ಲಿ ಅಕ್ಕಿ ಮಿಲ್ಲಿನ ಸಾಮಾನಿನ ವ್ಯಾಪಾರ. ಅವರ ಮಗಳಂದ್ರೆ ಇವನಿಗೆ ಜೀವ, ಆಕೆಗೂ ಇಷ್ಟ. ಮಾವ ಮಾತ್ರ, "ಆಟದ ಸಾಮಾನು ಮಾಡ್ತಾ ಕೂತೋನಿಗೆ ಹೆಣ್ಣು ಹೆಂಗೆ ಕೊಡ್ಲಿ? ಹರಿಹರಕ್ಕೆ ಬಂದು ನೋಡ್ತೀನಿ, ಆಮೇಲೆ ಮಾತು" ಅಂದುಬಿಟ್ಟಿದ್ರು. ರೋಬೋ ಸೋತ್ರೆ ಮದುವೆನೂ ಹೋದಂಗೇ.

೨. ಅಂಗಡಿ

"ಬರ್ರಿ, ಕೂಡ್ರಿ, ಚಾ ಕುಡೀರಿ" ಅಂದ್ರು ಮಾವ. ಚಾ ಮುಗಿಯೋದ್ರೊಳಗೆ ಮಿಲ್ಲಲ್ಲಿ ಭತ್ತ ಮೇಲೆತ್ತೋ ಚೈನು ನಮ್ಮ ಮುಂದೆ ಧೊಪ್ಪಂತ ಬಿತ್ತು. ಒಂದೊಂದು ಕೊಂಡಿ ನನ್ನ ಹೆಬ್ಬೆರಳಿನಷ್ಟು ದಪ್ಪ.

"ಮಾವ, ಇಷ್ಟು ದೊಡ್ಡದು ಬ್ಯಾಡ" ಅಂದ ಲೀಡರ್.

"ಅಳಿಯನ ಕೈಗೆ ಸಣ್ಣ ಚೈನ್ ಕೊಟ್ರೆ ಮಂಡಿಪೇಟೆಯಾಗ ನಾನು ತಲೆ ಎತ್ತಿ ತಿರುಗಾಡದು ಹೆಂಗೆ?"

'ಅಳಿಯ' ಅಂದದ್ದೇ ತಡ, ಲೀಡರ್ ಚೈನನ್ನ ಹೆಗಲಿಗೇರಿಸಿಕೊಂಡ. ತಂಗಿ ಮಗನಿಗೆ ಎಲ್ಲರೂ ಅಳಿಯ ಅಂತಲೇ ಅಂತಾರೆ ಅಂದೆ. ಅವನ ಕಿವಿಗೆ ಬೀಳಲಿಲ್ಲ.

೩. ನಿಟ್ಟುವಳ್ಳಿ ರೂಮು

ನಮ್ಮ ಬಾಡಿಗೆ ರೂಮಲ್ಲಿ ಕೆಲಸ ಶುರುವಾಯ್ತು. ಚೈನಿಗೆ ತಕ್ಕಂಗೆ ಹಲ್ಲಿನ ಚಕ್ರ, ಚಕ್ರಕ್ಕೆ ತಕ್ಕಂಗೆ ಕಬ್ಬಿಣದ ಆಂಗಲ್ಲಿನ ಚೌಕಟ್ಟು. ಸ್ವಿಚ್ ಹಾಕಿದ್ರೆ ಗುಂಯ್ ಅಂತ ಸದ್ದು, ಅಷ್ಟು ಭಾರಕ್ಕೆ ರೋಬೋ ಜಪ್ಪಯ್ಯ ಅಂದ್ರೂ ಅಲುಗಾಡಲಿಲ್ಲ. ಮನೆ ಮಾಲೀಕರ ತಾಯಿ ಬಂದು ನೋಡಿ, ವಿಭೂತಿ ಹಚ್ಚಿ, ಹೂವು ಏರಿಸಿದ್ರು.

"ಕೂತಲ್ಲಿಂದ ಏಳಂಗಿಲ್ಲ ಅಂತೈತೆ. ಇಲ್ಲೇ ಗುಡಿ ಕಟ್ಟಿಬಿಡ್ರಪ್ಪ."

ಚೈನ್ ಬದಲಾಯಿಸಾಣ ಅಂತ ನಾನು ಲೀಡರ್ ಕಾಲು ಹಿಡಿಯೋದೊಂದು ಬಾಕಿ. ಅವನು ಒಪ್ಪಲಿಲ್ಲ. "ತಮ್ಮ ಚೈನ್ ಕಾಣ್ಲಿಲ್ಲ ಅಂದ್ರೆ ಮಾವ ಮುನಿಸ್ಕೋತಾರೆ" ಅಂದ. ನನಗೆ ಅಳು ಬರೋದೊಂದು ಬಾಕಿ.

೪. ಹರಿಹರ

ಮಾವ ಮಂಡಿಪೇಟೆಯ ಗೆಳೆಯರನ್ನೆಲ್ಲ ಕರ್ಕೊಂಡು ಬಂದು ಮುಂದೇ ಕೂತಿದ್ರು. ಸೀಟಿ ಊದಿದ್ರು. ಎದುರಿನ ರೋಬೋ ಓಡಿಬಂದು ಗುದ್ದಿತು. ನಮ್ಮದು ಗುಂಯ್ ಅಂತು, ಅಷ್ಟೇ. ಅದು ಹಿಂದೆ ಸರಿದು ಮತ್ತೆ ಗುದ್ದಿತು, ತಳ್ಳಿತು, ತಿಣುಕಿತು. ಕೊನೆಗೆ ಅದರ ಚೈನು ಟಪ್ ಅಂತ ಹರೀತು. ನೋಡಿದ್ರೆ ಸೈಕಲ್ ಚೈನು, ನಾನು ಲೆಕ್ಕ ಹಾಕಿದ್ದ ಅದೇ ಸೈಜು.

ನಾವೇ ಗೆದ್ದಂಗಾಯ್ತು. ತೀರ್ಪುಗಾರರು ಲೀಡರನ್ನ ಕೇಳಿದ್ರು, "ನಿಮ್ಮದು ಒಮ್ಮೆಯಾದ್ರೂ ಮುಂದೆ ಹೋಗಿ ಗುದ್ದಲಿಲ್ಲ, ಯಾಕ್ರಿ?"

ಇವನು ಬಾಯಿ ತೆರೆಯೋ ಮೊದಲೇ ಮಾವ ಎದ್ದು ನಿಂತ್ರು. "ನಮ್ಮ ಹುಡುಗ ತಾನಾಗಿ ಯಾರ ತಂಟೆಗೂ ಹೋಗಲ್ಲ ಸಾರ್. ಇಂಥವನಿಗಲ್ದೆ ಇನ್ಯಾರಿಗೆ ಹೆಣ್ಣು ಕೊಡ್ಲಿ?"

ಲೀಡರ್ ಅಲ್ಲೀತನಕ ಒತ್ತಿಹಿಡಿದಿದ್ದ ರಿಮೋಟಿನ 'ಮುಂದೆ' ಬಟನ್ನಿನಿಂದ ಮೆಲ್ಲಗೆ ಬೆರಳು ತೆಗೆದ.