ರೊಟ್ಟಿಕಲ್ಲಿನ ಮೇಜು

“ಭೂಮಿ ನಡುಗಿದ್ರೂ ನಡುಗಬಾರದು, ಅಂಥಾ ಮೇಜು ಮಾಡ್ತೀನಿ!” ಎಂದು ಶಹಾಬಾದಿನ ವಿಜ್ಞಾನದ ಮಾಸ್ತರು ದೇವಿಂದ್ರಪ್ಪನವರು ಚಹಾದ ಕಪ್ಪು ಎತ್ತಿ ಪ್ರತಿಜ್ಞೆ ಮಾಡಿದರು. ಭೀಷ್ಮನೂ ಇಷ್ಟು ಗಟ್ಟಿ ದನಿಯಲ್ಲಿ ಮಾಡಿರಲಿಕ್ಕಿಲ್ಲ! ಕಪ್ಪಿನೊಳಗಿನ ಚಹಾ ಮಾತ್ರ ಸ್ವಲ್ಪ ನಡುಗಿತು.

“ಮೊದಲ ಊಟದ ಟೇಬಲ್ ಖಾಲಿ ಮಾಡ್ರಿ,” ಎಂದಳು ಹೆಂಡತಿ ಭಾಗ್ಯಜ್ಯೋತಿ. “ವಾರ ಆತು, ನೆಲದ ಮ್ಯಾಲ ಕುಂತು ಉಣ್ಲಾಕತ್ತೀವಿ.”

ಊಟದ ಟೇಬಲ್ ಹಿಡಿದು ಕುಳಿತಿದ್ದುದು ಸಿ.ಎನ್.ಸಿ. ಮಷೀನು. ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ತಾನೇ ಮರದ ಮೇಲೆ ಕೊರೆಯುವ ಪುಟ್ಟ ಯಂತ್ರ. ಪಾರ್ಸೆಲ್ಲಿನಲ್ಲಿ ಬಿಡಿಬಿಡಿಯಾಗಿ ಬಂದು, ಮಾಸ್ತರ ಕೈಯಲ್ಲಿ ಅವತಾರ ತಾಳಿತ್ತು. ಅದು ಕೊರೆಯತೊಡಗಿದರೆ ಟೇಬಲ್ಲಿಗೆ ಚಳಿಜ್ವರ ಬರುತ್ತಿತ್ತು, ಅಕ್ಷರಗಳಿಗೂ ಅದೇ ಜ್ವರ ಅಂಟುತ್ತಿತ್ತು.

ಬರೀ ಹವ್ಯಾಸವಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಸುಲೇಪೇಟದಲ್ಲಿ ಮಾವ ರೇವಣಸಿದ್ದಯ್ಯನವರ ಹೊಸ ಮನೆಯ ಗೃಹಪ್ರವೇಶ ಸೋಮವಾರಕ್ಕೆ ಬಂದಿತ್ತು. ಅತ್ತೆಯ ಹೆಸರಲ್ಲಿ ‘ಗುರುದೇವಿ ನಿಲಯ’ ಎಂಬ ಫಲಕ ಬೇಕು. ಅದಕ್ಕೆಂದು ಮಾವ ಹಳೇ ಮನೆಯ ಬಾಗಿಲಿನ ಸಾಗವಾನಿ ಹಲಗೆ ಕಳಿಸಿದ್ದರು. ಇದ್ದುದು ಅದೊಂದೇ, ಕೆಟ್ಟರೆ ಇನ್ನೊಂದಿಲ್ಲ. “ನಮ್ಮನ್ಯಾವ್ರೇ ಕೊರದು ತರ್ತಾರ” ಎಂದು ಜ್ಯೋತಿ ತವರಿನ ಓಣಿಗೆಲ್ಲ ಫೋನಿನಲ್ಲೇ ಡಂಗುರ ಸಾರಿಬಿಟ್ಟಿದ್ದಳು.

ಗುರುವಾರ ಅವಳು ಗೆಳತಿಯ ಬಸುರಿ ಮಗಳ ಕುಬಸಕ್ಕೆ ಚಿತ್ತಾಪುರಕ್ಕೆ ಹೋದಳು. ಇತ್ತ ವೆಲ್ಡಿಂಗ್ ಅಂಗಡಿಯ ಅಂಬರಾಯ ದಪ್ಪ ಕಬ್ಬಿಣದ ಕಾಲು, ಮೇಲೆ ತಗಡು ಬಿಗಿದ ಚೌಕಟ್ಟು ತಂದಿಳಿಸಿದ.

“ಸರ, ಇದರ ಮ್ಯಾಲ ಆನಿ ಕುಂದ್ರಸ್ರಿ, ಏನೂ ಆಗಂಗಿಲ್ಲ. ಆದ್ರ ಮ್ಯಾಲ ಕಲ್ಲು ಯಾವದು ಹಾಕ್ತೀರಿ?”

ಶಹಾಬಾದಿನಲ್ಲಿ ಕುಳಿತು ಕಲ್ಲಿಗೆ ಬರವೇ! ಮಾಸ್ತರು ಸುತ್ತ ಕಣ್ಣಾಡಿಸಿದರು. ಅಡುಗೆಮನೆಯ ಮೂಲೆಯಲ್ಲಿ ಮೂರಡಿ ಉದ್ದ, ಎರಡು ಇಂಚು ದಪ್ಪದ ಫರಸಿ ಕಲ್ಲೊಂದು ಕನ್ನಡಿಯಂತೆ ಹೊಳೆಯುತ್ತಿತ್ತು.

“ಸರ, ಅದು ಅಕ್ಕೋರು ರೊಟ್ಟಿ ಬಡಿಯೋ ಕಲ್ಲು ಕಾಣ್ತದಲ್ರಿ...”

“ವಿಜ್ಞಾನದ ಮುಂದ ರೊಟ್ಟಿ ಏನೋ ಮಾರಾಯ! ಹಿಡಿ ಆ ಕಡಿ!”

ಅಂಬರಾಯ ಒಮ್ಮೆ ಆಕಾಶ ನೋಡಿ ಕಲ್ಲು ಹಿಡಿದ. ತಗಡಿನ ಮೇಲೆ ಸಿಮೆಂಟು ಹಾಸಿ ಕಲ್ಲು ಕೂಡಿಸಿದರು. ರಸಮಟ್ಟ ಇಟ್ಟರೆ ಒಳಗಿನ ಗುಳ್ಳೆ ನಟ್ಟನಡುವೆ ಸನ್ನತಿಯ ಬುದ್ಧನಂತೆ ಕಣ್ಮುಚ್ಚಿ ಕುಳಿತಿತು.

ಸಂಜೆ ಅಡುಗೆಮನೆಯಿಂದ ದನಿ ಬಂತು. “ರೀ... ನನ್ನ ಕಲ್ಲು ಎಲ್ಲದ?”

“ಜ್ಯೋತಿ, ಅದಕ್ಕ ಪ್ರಮೋಷನ್ ಸಿಕ್ಕದ!”

“ಕಿತ್ತು ಕೊಡ್ರಿ.”

“ಸಿಮೆಂಟ್ ಹಿಡದದ. ಇನ್ನ ಪ್ರಳಯ ಬಂದ್ರೂ ಅಳ್ಳಾಡಂಗಿಲ್ಲ!”

ಜ್ಯೋತಿ ಜೋಳದ ಹಿಟ್ಟಿನ ಡಬ್ಬಿ ಮೇಲಿಟ್ಟು ರವೆಯ ಡಬ್ಬಿ ಕೆಳಗಿಳಿಸಿದಳು. ಹೆಂಡತಿ ಬೈದರೆ ಗಂಡ ಬದುಕುತ್ತಾನೆ, ಸುಮ್ಮನಾದರೆ ದೇವರೇ ಗತಿ. ಶುಕ್ರವಾರ ಎರಡೂ ಹೊತ್ತು ಉಪ್ಪಿಟ್ಟು ಬಂತು. ಜೋಳದ ರೊಟ್ಟಿಯ ಸೀಮೆಯಲ್ಲಿ ಅದು ಯುದ್ಧ ಸಾರಿದಂತೆ.

ಶನಿವಾರ ಪರೀಕ್ಷೆಗೆಂದು ಪ್ಲೈವುಡ್ ಇಟ್ಟು ಮಷೀನು ಚಾಲೂ ಮಾಡಿದರು. ಆಹಾ! ಮೇಜು ಮಿಸುಕಲಿಲ್ಲ. ‘ಗು’ ಬಂತು, ‘ರು’ ಬಂತು, ಎರಡೂ ಬೆಣ್ಣೆಯಲ್ಲಿ ಕೊರೆದಂತೆ. ‘ದೇ’ಗೆ ಬಂದದ್ದೇ ತಡ, ಗರ್ರೆಂದು ಅಂಚೆಲ್ಲ ಹರಿದುಹೋಯಿತು. ಇನ್ನೊಂದು ತುಂಡು ಇಟ್ಟರು, ಮತ್ತೊಂದು ಇಟ್ಟರು. ಐದು ಸಲವೂ ಗುರು ಒಲಿದ, ದೇವಿ ಒಲಿಯಲಿಲ್ಲ! ಸಾಗವಾನಿ ಹಲಗೆ ಗೋಡೆಗೆ ಒರಗಿಕೊಂಡು ಇವರನ್ನೇ ನೋಡುತ್ತಿತ್ತು. ಅದನ್ನು ಮುಟ್ಟಲು ಮಾಸ್ತರಿಗೆ ಧೈರ್ಯವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಜ್ಯೋತಿ ಹಿಟ್ಟಿನ ಬುಟ್ಟಿ ಹಿಡಿದು ಒಳಗೆ ಬಂದಳು. “ಮಷೀನ್ ಎತ್ರಿ. ನನ್ನ ಕಲ್ಲು ನನ್ನ ಕಡಿ ಬರಂಗಿಲ್ಲಾಂದ್ರ ನಾನಾ ಬರ್ತೀನಿ. ಇನ್ನೊಂದು ಹೊತ್ತು ಉಪ್ಪಿಟ್ಟು ತಿಂದ್ರ ನಾನೂ ಸಾಯ್ತೀನಿ.”

ಮಷೀನು ಮೇಲೆದ್ದಿತು. ಕಲ್ಲು ಒರೆಸಿ, ಹಿಟ್ಟು ಉದುರಿಸಿ, ಅವಳು ನಿಂತೇ ರೊಟ್ಟಿ ಬಡಿಯತೊಡಗಿದಳು. ಪಟ್, ಪಟ್, ಪಟ್... ರೊಟ್ಟಿ ತಿರುಗುತ್ತ ಬಲಕ್ಕೆ ಸರಿಯಿತು. ಕೈ ಥಟ್ಟನೆ ನಿಂತಿತು.

“ರೀ, ಇಲ್ಲಿ ಕಲ್ಲು ಟೊಳ್ಳ ಅದ.”

“ಛೇ, ರಸಮಟ್ಟ ಹಚ್ಚಿ ನೋಡೀನಿ!”

“ನಿಮ್ಮ ರಸಮಟ್ಟಕ್ಕ ಕಿವಿ ಅವೇನು? ಕೇಳ್ರಿ. ಇಲ್ಲಿ ಪಟ್. ಇಲ್ಲಿ ದಬ್. ಹದಿನೆಂಟು ವರ್ಷ ಬಡದೀನಿ, ನನ್ನ ಕಲ್ಲಿನ ದನಿ ನನಗ ಗೊತ್ತಿಲ್ಲೇನು?”

ಮಾಸ್ತರು ಬಗ್ಗಿ ನೋಡಿದರು. ಅಂಚಿನಡಿ ಇರುವೆ ನುಗ್ಗುವಷ್ಟು ಸಂದು. ಆ ಮೂಲೆಗೆ ಸಿಮೆಂಟು ಮುಟ್ಟಿಯೇ ಇರಲಿಲ್ಲ! ಪ್ಲೈವುಡ್ ಇಟ್ಟು ನೋಡಿದರೆ, ಸರಿಯಾಗಿ ‘ದೇ’ಯ ಕೆಳಗೇ ಆ ಟೊಳ್ಳು. ಬಿ.ಎಸ್ಸಿ., ಬಿ.ಇಡಿ., ರಸಮಟ್ಟ, ಐದು ತುಂಡು ಪ್ಲೈವುಡ್ಡಿಗೆ ಸಿಗದ ದೋಷ ಒಂದು ಅಂಗೈಗೆ ಸಿಕ್ಕಿತ್ತು. ಮಾಸ್ತರು ಬಾಯಿ ತೆರೆದು ನಿಂತೇ ಇದ್ದರು.

“ನೊಣ ಹೋಗ್ತದ, ಬಾಯಿ ಮುಚ್ರಿ,” ಎಂದಳು ಜ್ಯೋತಿ.

ಬೇಗ ಗಟ್ಟಿಯಾಗುವ ಸಿಮೆಂಟನ್ನು ಗಂಜಿಯಂತೆ ಕಲಸಿ ಸಂದಿನೊಳಗೆ ತುಂಬಿದರು. ಸಂಜೆ ಜ್ಯೋತಿ ಬಡಿದು ನೋಡಿ, “ಹ್ಞೂಂ, ಈಗ ನನ್ನ ಕಲ್ಲು” ಎಂದ ಮೇಲೆಯೇ ಸಾಗವಾನಿ ಮೇಲೇರಿತು. ಮಾಸ್ತರು ಮಷೀನು ಚಾಲೂ ಮಾಡಿದರು. ಗುರುವೂ ಬಂದ, ದೇವಿಯೂ ಬಂದಳು!

ಮರುದಿನ ಸುಲೇಪೇಟದಲ್ಲಿ ಅತ್ತೆ ಗುರುದೇವಿ ತಮ್ಮ ಹೆಸರನ್ನು ಬೆರಳಿನಿಂದ ಮೆಲ್ಲಗೆ ಸವರಿದರು. “ಎಷ್ಟು ನುಣ್ಣಗದ! ಯಾರು ಮಾಡಿದ್ರು?” ಎಂದರು ನೆರೆಯವರು. ದೊಡ್ಡ ಭಾಷಣ ಸಿದ್ಧ ಮಾಡಿಕೊಂಡು ಬಂದಿದ್ದ ಮಾಸ್ತರು ಹೆಂಡತಿಯ ಕಡೆ ನೋಡಿ, “ಇಬ್ಬರೂ ಕೂಡಿ” ಎಂದಷ್ಟೇ ಹೇಳಿದರು.

ಮಂಗಳವಾರ ಮುಂಜಾನೆ ಅವರು ದಪ್ಪ ಅಳೆಯುವ ವರ್ನಿಯರ್ ಹಿಡಿದು ರೊಟ್ಟಿಗಳ ಮುಂದೆ ಕುಳಿತರು. ಒಂಬತ್ತು ರೊಟ್ಟಿ, ಒಂಬತ್ತೂ ಒಂದೇ ದಪ್ಪ. ಸ್ಕೇಲು ಇಟ್ಟರೆ ಒಂದೇ ಅಗಲ!

“ಇದು ಹ್ಯಾಂಗ ಸಾಧ್ಯ, ಜ್ಯೋತಿ?”

“ಅದರಾಗೇನದ? ನಿಮ್ಮ ತಾಟು ನನ್ನ ಕಣ್ಣಾಗದ. ಅದರಾಗ ಸರಿಯಾಗಿ ಕುಂತ್ರ ಆತು. ಅಳದದ್ದು ಮುಗೀತಂದ್ರ ತಿನ್ರಿ, ಆರಲಾಕತ್ತದ.”

ಮಾಸ್ತರು ರೊಟ್ಟಿ ತಿಂದು, ಕೈ ತೊಳೆದು, ಭಕ್ತಿಯಿಂದ ಇನ್ನೊಂದು ಫಲಕ ಕೊರೆದು ಮೇಜಿನ ಮೇಲಿನ ಗೋಡೆಗೆ ಬಡಿದರು: ‘ರೊಟ್ಟಿ ಮುಗಿಯುವ ತನಕ ಮಷೀನಿಗೆ ಪ್ರವೇಶವಿಲ್ಲ.’

ಜ್ಯೋತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓದಿದಳು.

“ಅಕ್ಷರ ಭಾಳ ಚಂದ ಬಂದಾವ್ರಿ. ಆದ್ರ ಮಷೀನಿಗೆ ಓದ್ಲಿಕ್ಕ ಬರಂಗಿಲ್ಲ. ‘ಮಾಸ್ತರಿಗೆ’ ಅಂತ ತಿದ್ರಿ!”